ನಾಯಿ ಕಚ್ಚುವ ಆಟಿಕೆಗೆ ಅರಿಶಿನ ಸಾಕು

ಮಾನ್ಯರೇ,

ನಮ್ಮ ಮಂಡ್ಯದ ಕಡೆ ಸಂಕ್ರಾಂತಿ ಮುಗಿದ ಮೇಲೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕ ಎನಾಮೆಲ್ ಡಬ್ಬ ಮನೆಯ ಯಾವುದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ. ಮಕ್ಕಳು ಅದನ್ನೇ ತೆಗೆದು ನಾಯಿಯ ಮರದ ಆಟಿಕೆಗೋ, ಊಟದ ಬಟ್ಟಲಿಗೋ ಬಳಿಯುತ್ತಾರೆ. ಎತ್ತು ತನ್ನ ಕೊಂಬನ್ನು ತಾನೇ ನೆಕ್ಕುವುದಿಲ್ಲ. ನಾಯಿ ಹಾಗಲ್ಲ, ಸಿಕ್ಕಿದ್ದನ್ನೆಲ್ಲ ಕಚ್ಚಿ, ಬಣ್ಣದ ಚಕ್ಕೆ ಎಬ್ಬಿಸಿ ನುಂಗಿಬಿಡುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅಂತ 2017ರ ನವೆಂಬರ್‌ನಿಂದ ನಿಯಮ ಇದೆ, ನಿಜ. ಆದರೆ ಲೇಬಲ್ ಕಿತ್ತುಹೋದ ಆ ಡಬ್ಬ ಯಾವ ಕಾಲದ್ದೋ ಯಾರಿಗೆ ಗೊತ್ತು? ಅಂಗಡಿಯಿಂದ ಬಣ್ಣದ ಆಟಿಕೆ ತರೋಣ ಅಂದರೆ, 2021ರಿಂದ ಕಡ್ಡಾಯವಾದ ಐಎಸ್‌ಐ ಗುರುತು 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ನಾಯಿ ಬೆಕ್ಕಿನದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಮನೆಯಲ್ಲೇ ಬಣ್ಣ ಮಾಡಿಕೊಳ್ಳುವವರು ಈಗ ಜಾಸ್ತಿ. ಒಳ್ಳೆಯದೇ. ಆದರೆ ಅಡುಗೆಮನೆಯಲ್ಲಿ ಸಿಕ್ಕಿದ್ದೆಲ್ಲ ಪ್ರಾಣಿಗೂ ಆಗುತ್ತೆ ಅಂದುಕೊಂಡುಬಿಡುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಈರುಳ್ಳಿ ಸಿಪ್ಪೆ ಕುದಿಸಿದರೆ ಚೆಂದದ ಕಂದು ಬಣ್ಣ ಬರುತ್ತದೆ, ಆದರೆ ಈರುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಕಾಫಿ ಡಿಕಾಕ್ಷನ್ ಬೇಡ, ಕೋಕೋ ಪುಡಿ ಬೇಡ. ದ್ರಾಕ್ಷಿ ರಸ ನಾಯಿಯ ಕಿಡ್ನಿಗೆ ಕೆಟ್ಟದ್ದು. ಮೈದಾ ಹಿಟ್ಟಿನಲ್ಲಿ ಮಾಡಿದ ಬಣ್ಣ ಕೆಡದಿರಲಿ ಅಂತ ಹಿಡಿಗಟ್ಟಲೆ ಉಪ್ಪು ಸುರಿಯುವವರಿದ್ದಾರೆ, ಅಷ್ಟು ಉಪ್ಪು ನಾಯಿಯ ಹೊಟ್ಟೆಗೆ ಹೋದರೆ ಜೀವಕ್ಕೇ ಕುತ್ತು. ಲವಂಗದ ಎಣ್ಣೆ ಹಾಕುವವರೂ ಇದ್ದಾರೆ, ಬೆಕ್ಕಿರುವ ಮನೆಯಲ್ಲಿ ಅದನ್ನು ಮುಟ್ಟಲೇಬೇಡಿ. ಇನ್ನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಹಾಕಿರುವ ಬಣ್ಣದ ಪುಡಿಗಳು ಕಣ್ಣಿಗೆ ಹಬ್ಬ, ಅಷ್ಟೇ. ತಿನ್ನಲು ಮಾಡಿದ್ದಲ್ಲ.

ಹಾಗಾದರೆ ಏನು ಮಾಡೋದು? ಎರಡು ದೊಡ್ಡ ಚಮಚ ಅಕ್ಕಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಅಂಬಲಿಯ ಹದಕ್ಕೆ ತನ್ನಿ. ಚಮಚದ ಬೆನ್ನಿಗೆ ಅಂಟಿ ನಿಂತರೆ ಇಳಿಸಿ. ಆರಿದ ಮೇಲೆ ಒಂದು ಚಮಚ ಅರಿಶಿನ ಬೆರೆಸಿ. ಬೇರೆ ಬಣ್ಣ ಬೇಕೆಂದರೆ ಬೀಟ್‌ರೂಟ್ ರಸವನ್ನು ಗಟ್ಟಿಯಾಗುವ ತನಕ ಬತ್ತಿಸಿ ಹಾಕಿ, ಇಲ್ಲವೇ ಪಾಲಕ್ ರಸ. ಉಪ್ಪುಕಾಗದದಲ್ಲಿ ಉಜ್ಜಿದ ಬರೀ ಮರಕ್ಕೆ ತೆಳ್ಳಗೆ ಎರಡು ಸಲ ಬಳಿಯಿರಿ, ಮೊದಲನೆಯದು ಪೂರ್ತಿ ಒಣಗಿದ ಮೇಲೇ ಎರಡನೆಯದು. ಪ್ಲಾಸ್ಟಿಕ್ಕು, ರಬ್ಬರಿಗೆ ಇದು ನಿಲ್ಲುವುದಿಲ್ಲ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ, ಹುಳಿ ವಾಸನೆ ಬಂದರೆ ಚೆಲ್ಲಿ.

ಜೊಲ್ಲು ತಾಗಿದರೆ ಬಣ್ಣ ಬಿಡುತ್ತದೆ, ಬಿಸಿಲಿಗೆ ಮಾಸುತ್ತದೆ, ಸೋಪು ಹಾಕಿ ತೊಳೆದರೆ ಅರಿಶಿನ ಕೆಂಪಗಾಗುತ್ತದೆ. ಆಗಲಿ ಬಿಡಿ, ಮತ್ತೆ ಬಳಿದರಾಯಿತು. ಅಂದ ಹಾಗೆ, ಬೀಟ್‌ರೂಟ್ ಬತ್ತಿಸುವ ಕಷ್ಟವೆಲ್ಲ ನಮ್ಮ ಖುಷಿಗೆ ಮಾತ್ರ. ನಾಯಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದೇ ಇಲ್ಲ. ಹಳದಿ, ನೀಲಿ ಚೆನ್ನಾಗಿ ಕಾಣುತ್ತದೆ. ಅರಿಶಿನ ಸಾಕು ಅಂದಿದ್ದು ಅದಕ್ಕೇ.

ಗಟ್ಟಿಯಾಗಿ ನಿಲ್ಲುವ ಬಣ್ಣವೂ ನಮ್ಮ ಪಕ್ಕದಲ್ಲೇ ಇದೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಲವ್ ಬರ್ಡ್ಸ್ ಕೂರುವ ಕಡ್ಡಿಗೆ, ಬೆಕ್ಕು ಉರುಳಿಸುವ ಚೆಂಡಿಗೆ ಗಿಡಮೂಲದ ಬಣ್ಣ ಬೆರೆಸಿದ ಅರಗು ಸಾಕಲ್ವಾ? ಅಲ್ಲಿನ ಕುಶಲಕರ್ಮಿಗಳು ಇತ್ತ ಸ್ವಲ್ಪ ಮನಸ್ಸು ಮಾಡಬೇಕು. ಸರ್ಕಾರವೂ ಸಾಕುಪ್ರಾಣಿಗಳ ಆಟಿಕೆಗೆ ಒಂದು ಗುರುತು ತರಲಿ. ತಾವೂ ಒಬ್ಬ ಪಶುವೈದ್ಯರಿಂದ ಈ ಬಗ್ಗೆ ಬರೆಸಿ, ಬೇಸಿಗೆ ರಜೆಗೆ ಮುಂಚೆಯೇ ಬಂದರೆ ಅನುಕೂಲ, ಮಕ್ಕಳು ಬ್ರಷ್ ಹಿಡಿದು ಕೂರುವುದು ಆಗಲೇ.

– ಓರ್ವ ಓದುಗ, ಮಂಡ್ಯ