ಎರಡನೇ ಪ್ರಾಶಸ್ತ್ಯ ಕೊಡಿ, ಆಮೇಲೆ ಬುದ್ಧಿ ಹೇಳಿ: ನಮ್ಮ ಅಸೆಂಬ್ಲಿ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಅಸೆಂಬ್ಲಿ ಸದಸ್ಯರೇ,

ನಮಸ್ಕಾರ. ಪತ್ರ ಕನ್ನಡದಲ್ಲಿದೆ. ಕ್ಯಾಲಿಫೋರ್ನಿಯಾದ ಮತದಾರರ ಕೈಪಿಡಿ ಹಿಂದಿಯಲ್ಲೂ ಅಚ್ಚಾಗುತ್ತದೆ, ಕನ್ನಡಕ್ಕೆ ಆ ಭಾಗ್ಯ ಬಂದಿಲ್ಲ. ಆದರೂ ನಿಮ್ಮ ಕ್ಷೇತ್ರದಲ್ಲಿ ಕನ್ನಡ ಓದಬಲ್ಲವರು ಬೇಕಾದಷ್ಟಿದ್ದಾರೆ, ಯಾರನ್ನಾದರೂ ಕರೆದು ಓದಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆದಾಗಲೆಲ್ಲ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಯಂತ್ರದ ಉತ್ತರ ಬಂದು ಬಂದು ಸಾಕಾಗಿದೆ.

ಅಧ್ಯಕ್ಷೀಯ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಬಂದಾಗಲೆಲ್ಲ ನಿಮ್ಮ ಕಡೆಯಿಂದ ಎರಡು ಉಪದೇಶ ಬರುತ್ತವೆ. ಒಂದು, ಗೆಲ್ಲದವರಿಗೆ ಹಾಕಿ ವೋಟು ಹಾಳು ಮಾಡಬೇಡಿ. ಇನ್ನೊಂದು, ಬ್ಯಾಲೆಟ್ ಕೈಗೆ ಬಂದ ಕೂಡಲೇ ತುಂಬಿ ಕಳಿಸಿ. ಇವೆರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ ಎಂದು ಮಾತ್ರ ಇದುವರೆಗೆ ಯಾರೂ ಹೇಳಿಲ್ಲ. ಬ್ಯಾಲೆಟ್ ಮನೆಗೆ ಬರುವ ಹೊತ್ತಿಗೆ ಗೆಲ್ಲುವವರು ಯಾರು, ಸೋಲುವವರು ಯಾರು ಎಂದು ಗೊತ್ತಾಗುವುದಿರಲಿ, ಓಟ ಸರಿಯಾಗಿ ಶುರುವಾಗಿರುವುದೂ ಇಲ್ಲ.

ನಿಯಮ ನಿಮಗೆ ಗೊತ್ತಿರುವುದೇ. ಮತದಾನಕ್ಕೆ 29 ದಿನ ಮುಂಚೆ ಅಂಚೆಯ ಬ್ಯಾಲೆಟ್ ಹೊರಡಬೇಕು. 2020ರಲ್ಲಿ ನಮ್ಮ ಪ್ರೈಮರಿ ಮಾರ್ಚ್ 3ಕ್ಕಿತ್ತು, ಹಾಗಾಗಿ ಬ್ಯಾಲೆಟ್ ಹೊರಟದ್ದು ಫೆಬ್ರವರಿ 3ಕ್ಕೆ. ಅದೇ ದಿನ ಸಂಜೆ ಆಯೋವಾದಲ್ಲಿ ಮೊಟ್ಟಮೊದಲ ಕಾಕಸ್, ಅಂದರೆ ಪಕ್ಷದವರು ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವುದು. ಆಯೋವಾದವರಿಗೆ ತಮ್ಮ ಲೆಕ್ಕ ಒಪ್ಪಿಸಲಿಕ್ಕೇ ದಿನಗಟ್ಟಲೆ ಹಿಡಿಯಿತು, ಆ ಮಾತು ಬೇರೆ. ನಮ್ಮ ಡೆಮಾಕ್ರಟಿಕ್ ಬ್ಯಾಲೆಟ್ಟಿನಲ್ಲಿ ಬುಕರ್ ಹೆಸರಿತ್ತು, ಕ್ಯಾಸ್ಟ್ರೋ ಹೆಸರಿತ್ತು, ವಿಲಿಯಮ್ಸನ್, ಡೆಲೇನಿ ಹೆಸರುಗಳಿದ್ದವು. ಈ ನಾಲ್ವರೂ ಜನವರಿಯಲ್ಲೇ ಕಣ ಬಿಟ್ಟಿದ್ದರು. ಅಂದರೆ ಲಕೋಟೆ ಬಿಚ್ಚುವಾಗಲೇ ಅದರೊಳಗೆ ತಿಥಿ ಮುಗಿದ ಹೆಸರುಗಳು. ಅವರಿಗೂ ಸಾವಿರಾರು ವೋಟು ಬಿದ್ದವು.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಆಮೇಲಿನ ಮೂರು ದಿನ. ಫೆಬ್ರವರಿ 29ರ ರಾತ್ರಿ ಸೌತ್ ಕೆರೊಲಿನಾದ ಫಲಿತಾಂಶ ಬಂತು, ಟಾಮ್ ಸ್ಟೈಯರ್ ಕಣದಿಂದ ನಿವೃತ್ತಿ. ಮಾರ್ಚ್ 1, ಭಾನುವಾರ, ಪೀಟ್ ಬುಟಿಜೆಜ್ ನಿವೃತ್ತಿ. ಮಾರ್ಚ್ 2, ಸೋಮವಾರ, ಏಮಿ ಕ್ಲೋಬುಚರ್ ನಿವೃತ್ತಿ. ಅದೇ ಸೋಮವಾರ ರಾತ್ರಿ ಡಲ್ಲಾಸಿನಲ್ಲಿ ಪೀಟ್, ಏಮಿ ಇಬ್ಬರೂ ಜೋ ಬೈಡನ್‌ಗೆ ಬೆಂಬಲ ಘೋಷಿಸಿದರು. ಬೆಳಗಾದರೆ ಕ್ಯಾಲಿಫೋರ್ನಿಯಾದಲ್ಲಿ ಮತದಾನ. ಕೊನೆಗೆ ಎಣಿಸಿದಾಗ ಬುಟಿಜೆಜ್‌ಗೆ ಸುಮಾರು 2.5 ಲಕ್ಷ, ಕ್ಲೋಬುಚರ್‌ಗೆ ಸುಮಾರು 1.27 ಲಕ್ಷ, ಸ್ಟೈಯರ್‌ಗೆ ಸುಮಾರು 1.13 ಲಕ್ಷ ವೋಟು. ಮೂರೂ ಸೇರಿದರೆ ಒಟ್ಟು ಮತದ ಎಂಟೂವರೆ ಶೇಕಡ. ರಾಜ್ಯ ಗೆದ್ದ ಸ್ಯಾಂಡರ್ಸ್‌ಗೂ ಎರಡನೆಯವರಾದ ಬೈಡನ್‌ಗೂ ನಡುವೆ ಇದ್ದ ಅಂತರವೇ ಸುಮಾರು ಎಂಟು ಶೇಕಡ! ನಿವೃತ್ತಿಯಾದದ್ದು ಗೊತ್ತಿದ್ದೂ ಅಭಿಮಾನಕ್ಕೆ ಹಾಕಿದವರು ಒಂದಷ್ಟು ಜನ ಇದ್ದಾರು. ಉಳಿದವರು ನಿಮ್ಮ ಮಾತು ಕೇಳಿ ಬೇಗ ಕಳಿಸಿದವರು. ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತಾಯಿತು. ಹಿಂಡಿಸಿದವರು ನೀವು.

ಆ ಲಕೋಟೆಯ ಗತಿಯನ್ನು ಸ್ವಲ್ಪ ನೋಡಿ. ಮತದಾರ ಒಳಗೆ ಬ್ಯಾಲೆಟ್ ಇಟ್ಟು, ಅಂಟಿಸಿ, ಹೊರಗೆ ಸಹಿ ಹಾಕಿ ಡಬ್ಬಿಗೆ ಹಾಕುತ್ತಾನೆ. ಕೌಂಟಿ ಕಚೇರಿಯಲ್ಲಿ ಆ ಸಹಿಯನ್ನು ದಾಖಲೆಯ ಸಹಿಗೆ ಹೋಲಿಸುತ್ತಾರೆ. ಹೊಂದಿದರೆ ಲಕೋಟೆ ಒಡೆದು ಬ್ಯಾಲೆಟ್ಟನ್ನು ಬೇರೆ ಮಾಡುತ್ತಾರೆ. ಆ ಕ್ಷಣದಿಂದ ಯಾವ ಹಾಳೆ ಯಾರದ್ದೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಆದ್ದರಿಂದ ವಾಪಸ್ ಕೇಳುವ ಹಾಗಿಲ್ಲ, ಒಪ್ಪಿದೆವು. ಆದರೆ ಲಕೋಟೆ ಇನ್ನೂ ಒಡೆಯದೆ ಟ್ರೇಯಲ್ಲಿ ಕೂತಿದ್ದರೂ ನಮ್ಮ ರಾಜ್ಯದಲ್ಲಿ ವಾಪಸ್ ಇಲ್ಲ. ಮಿಷಿಗನ್‌ನಲ್ಲಿ, ಮಿನೆಸೋಟಾದಲ್ಲಿ ಗಡುವಿನೊಳಗೆ ಅರ್ಜಿ ಕೊಟ್ಟರೆ ಹಳೆಯದನ್ನು ರದ್ದು ಮಾಡಿ ಹೊಸ ಬ್ಯಾಲೆಟ್ ಕೊಡುತ್ತಾರೆ. ಇಲ್ಲಿ ಕೊಡುವುದು ಒಂದು ಸಂದೇಶ: ನಿಮ್ಮ ಬ್ಯಾಲೆಟ್ ತಲುಪಿದೆ, ಎಣಿಕೆಯಾಗುತ್ತದೆ, ಧನ್ಯವಾದ. ಅಭ್ಯರ್ಥಿ ಮನೆಗೆ ಹೋದ ದಿನವೇ ಈ ಧನ್ಯವಾದವೂ ಫೋನಿಗೆ ಬಂದು ಬೀಳುತ್ತದೆ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ: ನಮ್ಮ ಮೊದಲ ಆಯ್ಕೆಯವರು ಕಣ ಬಿಟ್ಟರೆ ವೋಟು ಯಾರಿಗೆ ಹೋಗಬೇಕೆಂದು ಬ್ಯಾಲೆಟ್ಟಿನಲ್ಲೇ ಬರೆಯುವ ಅವಕಾಶ. ಎರಡನೇ ಪ್ರಾಶಸ್ತ್ಯ ಕೊಡಿ.

"ಹಾಗಾದರೆ ಗೆಲ್ಲುವವರಿಗೇ ಹಾಕಬಾರದೇ" ಎಂದು ನೀವು ಕೇಳುತ್ತೀರಿ. ಗೆಲ್ಲುವ ಕುದುರೆಯ ಬಾಲ ಹಿಡಿಯುವುದಕ್ಕೆ ಪ್ರೈಮರಿ ಯಾಕೆ ಬೇಕು ಸ್ವಾಮಿ, ಸಮೀಕ್ಷೆ ಸಾಲದೇ? 1968ರಲ್ಲಿ ಹಾಲಿ ಅಧ್ಯಕ್ಷ ಜಾನ್ಸನ್ ಎದುರು ಯುಜೀನ್ ಮೆಕಾರ್ತಿ ನಿಂತದ್ದು ಗೆಲ್ಲುವ ಲೆಕ್ಕದಿಂದಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸೋತರೂ 42 ಶೇಕಡ ಪಡೆದರು. ಆ ಮಾರ್ಚ್ 31ಕ್ಕೆ ಜಾನ್ಸನ್ ತಾವೇ ಕಣದಿಂದ ಸರಿದರು. 1976ರಲ್ಲಿ ಜಿಮ್ಮಿ ಕಾರ್ಟರ್ ಯಾರೆಂದು ದೇಶಕ್ಕೆ ಗೊತ್ತಿರಲಿಲ್ಲ. ಆಯೋವಾದಲ್ಲಿ ಮೊದಲ ಸ್ಥಾನ ಬಂದದ್ದು "ಯಾರೂ ನಿಶ್ಚಯವಿಲ್ಲ" ಎಂಬ ಕಾಲಮ್ಮಿಗೆ, ಕಾರ್ಟರ್ ಅದರ ಕೆಳಗೆ. ವರ್ಷದ ಕೊನೆಗೆ ಅಧ್ಯಕ್ಷರಾಗಿ ಆಯ್ಕೆಯಾದವರು ಅವರೇ. ಇನ್ನು 2024ರ ಪ್ರೈಮರಿಯಲ್ಲಿ ಬೈಡನ್ ಎದುರು ನಿಂತ ಡೀನ್ ಫಿಲಿಪ್ಸ್. ಬೈಡನ್ ವಯಸ್ಸಿನ ಪ್ರಶ್ನೆ ಎತ್ತಿದ್ದಕ್ಕೆ ಪಕ್ಷದ ದೊಡ್ಡವರೆಲ್ಲ ಆತನನ್ನು ನೋಡಿ ನಕ್ಕರು. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು. ನಕ್ಕವರಲ್ಲಿ ನೀವಿದ್ದಿರೋ ಇಲ್ಲವೋ, ನಾವು ಕೇಳುವುದಿಲ್ಲ.

ಹಾಗೆಂದು ಸೋಲುವವರಿಗೆ ಹಾಕಿದ ವೋಟೆಲ್ಲ ಪುಣ್ಯಕಾರ್ಯ ಎಂದೂ ನಾವು ಹೇಳುತ್ತಿಲ್ಲ. ಲೆಕ್ಕ ಇದೆ. ಡೆಮಾಕ್ರಟಿಕ್ ಪಕ್ಷದಲ್ಲಿ ರಾಜ್ಯ ಮಟ್ಟದಲ್ಲೊಮ್ಮೆ, ಪ್ರತಿ ಕಾಂಗ್ರೆಸ್ ಕ್ಷೇತ್ರದಲ್ಲೊಮ್ಮೆ 15 ಶೇಕಡದ ಹೊಸ್ತಿಲು. ದಾಟಿದವರಿಗೆ ಡೆಲಿಗೇಟ್‌ಗಳಲ್ಲಿ (ಅಧಿವೇಶನದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ) ಪಾಲು, ದಾಟದವರಿಗೆ ಸೊನ್ನೆ. ಎಲಿಜಬೆತ್ ವಾರೆನ್‌ಗೆ 2020ರಲ್ಲಿ ರಾಜ್ಯದಲ್ಲಿ ಬಂದದ್ದು 13 ಶೇಕಡ, ಹೊಸ್ತಿಲ ಕೆಳಗೆ. ಆದರೂ ಕೆಲವು ಕ್ಷೇತ್ರಗಳಲ್ಲಿ 15 ದಾಟಿದ್ದರಿಂದ 11 ಡೆಲಿಗೇಟ್ ಸಿಕ್ಕರು. ಸ್ಯಾಂಡರ್ಸ್‌ಗೆ 225, ಬೈಡನ್‌ಗೆ 172. ಆದ್ದರಿಂದ ಹಿಂದೆ ಬಿದ್ದಿರುವ ಅಭ್ಯರ್ಥಿಗೆ ವೋಟು ಹಾಕುವವರು ದೇಶದ ಸಮೀಕ್ಷೆ ನೋಡಿ ಪ್ರಯೋಜನವಿಲ್ಲ, ತಮ್ಮ ಕಾಂಗ್ರೆಸ್ ಕ್ಷೇತ್ರದಲ್ಲಿ 15 ಮುಟ್ಟುತ್ತದೆಯೇ ಎಂದು ನೋಡಬೇಕು. ಮುಟ್ಟುವಂತಿದ್ದರೆ ಧೈರ್ಯವಾಗಿ ಹಾಕಲಿ. ರಿಪಬ್ಲಿಕನ್ನರದ್ದು ಇನ್ನೂ ಬಿಗಿ. 2024ರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದವರಿಗೆ 169ಕ್ಕೆ 169 ಡೆಲಿಗೇಟ್‌ಗಳೂ ಎಂದು ನಿಯಮ ಮಾಡಿಕೊಂಡರು. ನಿಕ್ಕಿ ಹೇಲಿಗೆ 17 ಶೇಕಡದಷ್ಟು ಮತ ಬಂದರೂ ಕೈಗೆ ಬಂದದ್ದು ಸೊನ್ನೆ.

ಈ ಹೊಸ್ತಿಲಿನ ಕೆಳಗೆ ಸತ್ತ ಮತವನ್ನು ಎಬ್ಬಿಸುವ ಉಪಾಯ ಹೊಸದೇನಲ್ಲ. 2020ರಲ್ಲೇ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್ ರಾಜ್ಯಗಳ ಡೆಮಾಕ್ರಟಿಕ್ ಪಕ್ಷದವರು ಇದನ್ನೇ ಮಾಡಿದರು. ಮತದಾರ 1, 2, 3 ಎಂದು ಗುರುತು ಮಾಡುತ್ತಾನೆ. ಎಲ್ಲರಿಗಿಂತ ಕಡಿಮೆ ಬಂದವರನ್ನು ತೆಗೆದು ಅವರ ವೋಟನ್ನು ಮುಂದಿನ ಪ್ರಾಶಸ್ತ್ಯಕ್ಕೆ ದಾಟಿಸುತ್ತಾರೆ. ಉಳಿದವರೆಲ್ಲ 15 ಶೇಕಡ ದಾಟುವವರೆಗೆ ಹೀಗೇ ಸುತ್ತು. ಆಮೇಲೆ ಡೆಲಿಗೇಟ್ ಹಂಚಿಕೆ. ಅಲ್ಲಿ ಬುಟಿಜೆಜ್‌ಗೆ ಒಂದನೇ ನಂಬರ್ ಕೊಟ್ಟವನ ವೋಟು ಅವನ ಎರಡನೆಯವರಿಗೆ ಹೋಯಿತು, ಇಲ್ಲಿ ಕೊಟ್ಟವನದ್ದು ರದ್ದಿಗೆ ಹೋಯಿತು. ಮೇನ್ ರಾಜ್ಯ ಅಧ್ಯಕ್ಷೀಯ ಪ್ರೈಮರಿಗೂ ಇದನ್ನು ಕಾನೂನೇ ಮಾಡಿದೆ. ಜಾರ್ಜಿಯಾ, ಅಲಬಾಮಾ, ಸೌತ್ ಕೆರೊಲಿನಾದಂಥ ರಾಜ್ಯಗಳು, ಯಾರಿಗೂ ಬಹುಮತ ಬಾರದೆ ಮತ್ತೆ ಮತದಾನವಾದರೆ ಅಂಚೆಗೆ ಸಮಯ ಸಾಲದೆಂದು, ಹೊರದೇಶದಲ್ಲಿರುವ ಸೈನಿಕರಿಗೆ ಪ್ರಾಶಸ್ತ್ಯದ ಬ್ಯಾಲೆಟ್ ಕಳಿಸುತ್ತವೆ. ಅಲಬಾಮಾಕ್ಕೆ ಆಗುವುದು ಸಿಲಿಕಾನ್ ಕಣಿವೆಗೆ ಆಗುವುದಿಲ್ಲವೇ?

ಗವರ್ನರ್ ನ್ಯೂಸಮ್ 2019ರಲ್ಲಿ, ಇನ್ನಷ್ಟು ಊರುಗಳು ಈ ಪದ್ಧತಿ ಬಳಸಲು ದಾರಿ ಮಾಡಿಕೊಡುವ ಮಸೂದೆಯನ್ನು ತಿರಸ್ಕರಿಸಿದರು. ಜನರಿಗೆ ಗೊಂದಲವಾಗುತ್ತದೆ ಎಂಬುದು ಅವರ ಕಾರಣಗಳಲ್ಲೊಂದು. 2016ರಲ್ಲಿ ಗವರ್ನರ್ ಬ್ರೌನ್ ಕೂಡ ಇಂಥದ್ದೇ ಮಸೂದೆಯನ್ನು ತಿರಸ್ಕರಿಸಿದ್ದರು. ಗೊಂದಲವೇ? ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ ಏಳು ಪದವೀಧರ ಕ್ಷೇತ್ರ, ಏಳು ಶಿಕ್ಷಕರ ಕ್ಷೇತ್ರ ಇವೆ. ಅಲ್ಲಿ ಮತಗಟ್ಟೆಯವರು ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಹೆಸರಿನ ಮುಂದೆ 1 ಎಂದು ಬರೆಯಬೇಕು, ಬೇಕಿದ್ದರೆ 2, 3 ಎಂದು ಮುಂದುವರಿಸಬಹುದು. ಅಕ್ಷರದಲ್ಲಿ "ಒಂದು" ಎಂದು ಬರೆದರೆ ಅಸಿಂಧು, ಟಿಕ್ ಹಾಕಿದರೆ ಅಸಿಂಧು, ಇಬ್ಬರಿಗೆ 1 ಕೊಟ್ಟರೆ ಅಸಿಂಧು. ಕಲಬುರಗಿಯ ಮೇಷ್ಟ್ರಿಗೆ ಇದರಲ್ಲಿ ಗೊಂದಲವಿಲ್ಲ. ಭಾರತದ ರಾಷ್ಟ್ರಪತಿ ಚುನಾವಣೆಯೂ ಹೀಗೆಯೇ. 1969ರಲ್ಲಿ ವಿ.ವಿ. ಗಿರಿ ಮೊದಲ ಸುತ್ತಿನಲ್ಲಿ ಗೆಲುವಿನ ಗೆರೆ ಮುಟ್ಟಲಿಲ್ಲ. ಮೂರನೆಯವರಾಗಿದ್ದ ಸಿ.ಡಿ. ದೇಶಮುಖರ ಮತಗಳು ಎರಡನೇ ಪ್ರಾಶಸ್ತ್ಯಕ್ಕೆ ದಾಟಿದವು. ಅದರಲ್ಲಿ ಹೆಚ್ಚಿನವು ಸಂಜೀವ ರೆಡ್ಡಿಯವರಿಗೇ ಹೋದರೂ ಗಿರಿಯವರಿಗೆ ಬೇಕಾದಷ್ಟು ಸಿಕ್ಕವು. ದೇಶಮುಖರಿಗೆ ಹಾಕಿದವರು ವೋಟು ಹಾಳು ಮಾಡಿದರೆಂದು ಯಾರು ಹೇಳುತ್ತೀರಿ?

ತೊಡಕೇ ಇಲ್ಲವೆಂದಲ್ಲ. ನಮ್ಮ ಪಕ್ಕದ ಅಲಮೇಡಾ ಕೌಂಟಿಯಲ್ಲಿ 2022ರಲ್ಲಿ ಓಕ್‌ಲೆಂಡ್ ಶಾಲಾ ಮಂಡಳಿಯ ಒಂದು ಸ್ಥಾನಕ್ಕೆ ಗೆಲ್ಲದವರನ್ನು ಗೆದ್ದರೆಂದು ಪ್ರಮಾಣೀಕರಿಸಿಬಿಟ್ಟರು. ಒಂದನೇ ಪ್ರಾಶಸ್ತ್ಯದ ಕಾಲಂ ಖಾಲಿ ಬಿಟ್ಟು ಎರಡನೆಯದರಲ್ಲಿ ಗುರುತು ಹಾಕಿದ ಬ್ಯಾಲೆಟ್ಟನ್ನು ಮೊದಲ ಸುತ್ತಿನಲ್ಲೇ ಎಣಿಸಬೇಕಿತ್ತು. ತಂತ್ರಾಂಶದ ಒಂದು ಆಯ್ಕೆ ತಪ್ಪಾಗಿ ಕೂತಿದ್ದರಿಂದ ಆ ಬ್ಯಾಲೆಟ್‌ಗಳು ಮೊದಲ ಸುತ್ತಿನಿಂದ ಹೊರಗುಳಿದವು. ಆದ್ದರಿಂದ ಖಾಲಿ ಬಿಟ್ಟ ಕಾಲಂಗೆ ಏನು ಮಾಡಬೇಕೆಂಬುದು ಕೌಂಟಿಯವರ ಸೆಟ್ಟಿಂಗಿಗೆ ಬಿಡುವ ವಿಷಯವಲ್ಲ, ಮಸೂದೆಯಲ್ಲೇ ಬರೆಯಬೇಕು. ಇಬ್ಬರಿಗೆ ಒಂದೇ ನಂಬರ್ ಕೊಟ್ಟರೆ ಏನೆಂಬುದನ್ನೂ ಬರೆಯಬೇಕು. 52 ಕಾಂಗ್ರೆಸ್ ಕ್ಷೇತ್ರಕ್ಕೂ ಸುತ್ತುಗಳನ್ನು ಬೇರೆಬೇರೆಯಾಗಿ ಓಡಿಸಬೇಕು, ರಾಜ್ಯಕ್ಕೆ ಮತ್ತೊಂದು. ಮತದಾನದ ದಿನದ ಮುದ್ರೆ ಬಿದ್ದ ಅಂಚೆ ಬ್ಯಾಲೆಟ್ ಏಳು ದಿನದವರೆಗೂ ಬರುತ್ತಿರುತ್ತದೆ, ಹಾಗಾಗಿ ಮೊದಲ ರಾತ್ರಿಯ ಸುತ್ತು ತಾತ್ಕಾಲಿಕ ಎಂದು ದೊಡ್ಡಕ್ಷರದಲ್ಲಿ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದವರು 2004ರಿಂದ ಈ ಪದ್ಧತಿಯಲ್ಲಿ ಪಳಗಿದ್ದಾರೆ. ನಿಮ್ಮ ಕಚೇರಿಯಿಂದ ಒಂದು ಗಂಟೆಯ ದಾರಿ, ಹೋಗಿ ಕೇಳಿ.

"ಡೆಲಿಗೇಟ್ ಹಂಚುವುದು ಪಕ್ಷದ ವಿಷಯ, ಸರ್ಕಾರದ್ದಲ್ಲ" ಎಂಬ ಉತ್ತರ ನಿಮ್ಮ ಮೇಜಿನ ಮೇಲೆ ಸಿದ್ಧವಿರುತ್ತದೆ. ಬ್ಯಾಲೆಟ್ ಅಚ್ಚು ಹಾಕಿಸುವುದು ಯಾರು? ಎಣಿಸುವ ಯಂತ್ರ ಯಾರದ್ದು? ಪಕ್ಷದ ವಿಷಯವೇ ಆದರೆ ಪಕ್ಷದ ರಾಜ್ಯ ಸಮಿತಿಯಲ್ಲಿ ನೀವೂ ಇದ್ದೀರಲ್ಲ. ಒಂದು ಬಾಗಿಲಲ್ಲಿ ಹೋದರೆ ಇನ್ನೊಂದಕ್ಕೆ ಕಳಿಸುತ್ತೀರಿ, ಅಲ್ಲಿ ಹೋದರೆ ಕೂತಿರುವವರೂ ನೀವೇ.

2028ರ ಪ್ರೈಮರಿ ಮಾರ್ಚ್ 7ಕ್ಕೆ. ಬ್ಯಾಲೆಟ್ ಹೊರಡುವುದು ಫೆಬ್ರವರಿ 7ಕ್ಕೆ, ಸೈನಿಕರಿಗೆ ಮತ್ತು ಹೊರದೇಶದಲ್ಲಿರುವವರಿಗೆ ಜನವರಿ 22ಕ್ಕೇ. ಸಾಮಾನ್ಯ ಮಸೂದೆ ಸಹಿಯಾದ ಮರುವರ್ಷದ ಜನವರಿ 1ರಿಂದ ಜಾರಿ. 2027ರ ಕೊನೆಗೆ ಅವಸರದಲ್ಲಿ ಪಾಸು ಮಾಡಿದರೆ ಬ್ಯಾಲೆಟ್ ಅಚ್ಚಿಗೆ, ಯಂತ್ರದ ಪರೀಕ್ಷೆಗೆ ಉಳಿಯುವುದು ಮೂರು ವಾರ. ಆಗ ಎಡವಟ್ಟಾದರೆ "ನೋಡಿ, ಗೊಂದಲ" ಎನ್ನುವವರೂ ನೀವೇ ಆಗಿರುತ್ತೀರಿ. ಆದ್ದರಿಂದ ಈಗಲೇ ಮಸೂದೆ ಮಂಡಿಸಿ. ಎರಡನೇ ಪ್ರಾಶಸ್ತ್ಯ ಕೊಡಿ.

ಅಲ್ಲಿಯವರೆಗೆ ನಿಮ್ಮ ಕರಪತ್ರಕ್ಕೆ ವಿರುದ್ಧವಾಗಿ ನಾವು ನೆರೆಹೊರೆಯವರಿಗೆ ಹೇಳುವುದು ಇಷ್ಟು. ಬ್ಯಾಲೆಟ್ ಬಂದರೆ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಇಡಿ. ಕೊನೆಯ ಭಾನುವಾರ ರಾತ್ರಿಯವರೆಗೆ ಮುಟ್ಟಬೇಡಿ. ಮಂಗಳವಾರ ರಾತ್ರಿ 8ರೊಳಗೆ ಡಬ್ಬಿಗೆ ಹಾಕಿದರೆ ಸಾಕು. ಅಷ್ಟರಲ್ಲೇ ತುಂಬಿಬಿಟ್ಟಿದ್ದರೆ, ಕಳಿಸಿಲ್ಲವಾದರೆ, ಬ್ಯಾಲೆಟ್ಟನ್ನೂ ಲಕೋಟೆಯನ್ನೂ ಮತಕೇಂದ್ರಕ್ಕೆ ಒಯ್ದು ಒಪ್ಪಿಸಿ, ಹೊಸದು ಕೊಡುತ್ತಾರೆ. ಯಾವ ಪಕ್ಷಕ್ಕೂ ನೋಂದಾಯಿಸದವರಿಗೆ ಬರುವ ಬ್ಯಾಲೆಟ್ಟಿನಲ್ಲಿ ಅಧ್ಯಕ್ಷರ ಕಾಲಮ್ಮೇ ಇರುವುದಿಲ್ಲ, ಡೆಮಾಕ್ರಟಿಕ್ ಬ್ಯಾಲೆಟ್ ಬೇಕೆಂದು ಮೊದಲೇ ಕೇಳಿ ತರಿಸಿಕೊಳ್ಳಬೇಕು. "ಸ್ವತಂತ್ರ" ಎಂಬರ್ಥದಲ್ಲಿ ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿಗೆ ಗುರುತು ಹಾಕಿಬಿಟ್ಟವರು ಈಗಲೇ ಹೋಗಿ ಬದಲಿಸಿಕೊಳ್ಳಿ. ಅದು ಬೇರೆಯೇ ಪಕ್ಷ.

ನಾವು ಹೇಳಿದಂತೆ ಎಲ್ಲರೂ ಕೊನೆಯ ಎರಡು ದಿನಕ್ಕೆ ಕಾದರೆ ಕೌಂಟಿ ಕಚೇರಿಯ ಮುಂದೆ ಸಾಲು ನಿಲ್ಲುತ್ತದೆ, ಎಣಿಕೆ ವಾರಗಟ್ಟಲೆ ಎಳೆಯುತ್ತದೆ, ಗೊತ್ತು. ಅಲ್ಲಿನ ಸಿಬ್ಬಂದಿಯ ಮೇಲೆ ನಮಗೆ ಕನಿಕರವಿದೆ. ದೂರು ಬಂದರೆ ಅವರು ನಿಮ್ಮ ಕಚೇರಿಯ ನಂಬರ್ ಕೊಡಲಿ.

ಇಂತಿ,
ಸಾಂಟಾ ಕ್ಲಾರಾ ಕೌಂಟಿಯ ಕೆಲವು ಕನ್ನಡಿಗ ಮತದಾರರು