ಮುಟ್ಟಿನ ನೋವಿಗೆ ಬ್ರಾಂದಿ: ಚಿಕ್ಕಮ್ಮನಿಗೊಂದು ಪತ್ರ

ಲಿನ್, ಮ್ಯಾಸಚೂಸೆಟ್ಸ್

ತೀರ್ಥರೂಪ ಸಮಾನರಾದ ಚಿಕ್ಕಮ್ಮನವರಿಗೆ ವಾಣಿ ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಸೋಮವಾರಪೇಟೆಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಸಿಂಧು ಮುಟ್ಟಾದ ಮೊದಲ ದಿನ ಹೊಟ್ಟೆನೋವು ತಾಳಲಾರದೆ ಬಿಸಿನೀರಿಗೆ ಬ್ರಾಂದಿ ಬೆರೆಸಿ ಕುಡಿಯುತ್ತಾಳೆಂದೂ, ಬೈಯಬೇಕೋ ಸುಮ್ಮನಿರಬೇಕೋ ತಿಳಿಯುತ್ತಿಲ್ಲವೆಂದೂ ಫೋನಿನಲ್ಲಿ ಹೇಳುತ್ತಿದ್ದಿರಿ. ಚಿಕ್ಕಪ್ಪ ಒಳಗೆ ಬಂದರೆಂದು ಮಾತು ಅರ್ಧಕ್ಕೇ ನಿಂತಿತು. ದಿನವೂ ಔಷಧದಂಗಡಿಯ ಕೌಂಟರಿನ ಹಿಂದೆ ನಿಲ್ಲುವ ನನಗೆ ಇದರಲ್ಲಿ ಸಂಕೋಚವಿಲ್ಲ, ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ಅವಳನ್ನು ಬೈಯಬೇಡಿ. ಬಾಣಂತಿಗೆ ಬ್ರಾಂದಿ ಕೊಡುವ ರೂಢಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ, ಅದನ್ನು ನೋಡಿ ಬೆಳೆದ ಹುಡುಗಿಗೆ ಅದು ಔಷಧವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ನಾನಿರುವ ಈ ಊರಿನಲ್ಲಿಯೇ 1875ರಲ್ಲಿ ಲಿಡಿಯಾ ಪಿಂಕಮ್ ಎಂಬಾಕೆ ಮುಟ್ಟಿನ ನೋವು ಮುಂತಾದ ಹೆಂಗಸರ ತೊಂದರೆಗಳಿಗೆಂದು ಗಿಡಮೂಲಿಕೆಯ ಟಾನಿಕ್ ಮಾರಲು ಆರಂಭಿಸಿದರು. ಆಕೆ ಮದ್ಯಪಾನ ವಿರೋಧಿ ಚಳವಳಿಯ ಪರವಾಗಿದ್ದವರು, ಆದರೂ ಆ ಟಾನಿಕ್ಕಿನಲ್ಲಿ ಶೇಕಡಾ 18ರಿಂದ 20ರಷ್ಟು ಆಲ್ಕೋಹಾಲ್ ಇತ್ತು, ಅಂದರೆ ಸಾಮಾನ್ಯ ವೈನಿಗಿಂತಲೂ ಹೆಚ್ಚು! ಅದನ್ನು ಬಾಟಲಿಯ ಮೇಲೆ ನಮೂದಿಸಲೇಬೇಕೆಂಬ ಕಾನೂನು ಬಂದದ್ದು 1906ರಲ್ಲಿ. ಕುಡಿದು ಹಾಯೆನಿಸಿತೆಂದ ಹೆಂಗಸರು ಸುಳ್ಳು ಹೇಳಿರಲಿಕ್ಕಿಲ್ಲ.

ಹಾಯೆನಿಸುವುದು ಯಾಕೆಂದರೆ, ಮದ್ಯವು ಮಿದುಳನ್ನು ಮಂಕಾಗಿಸಿ ನೋವಿನ ಅರಿವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ನೋವಿನ ಮೂಲ ಹಾಗೆಯೇ ಉಳಿಯುತ್ತದೆ. ಮುಟ್ಟಿನ ಮೊದಲ ಒಂದೆರಡು ದಿನ ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚಾಗಿ, ಸ್ನಾಯುಗಳು ಬಿಗಿಯಾಗಿ ಹಿಂಡಿಕೊಳ್ಳುವುದರಿಂದ ಆ ನೋವು ಬರುತ್ತದೆ. ಇತ್ತ ಮದ್ಯವು ದೇಹದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನನ್ನು ತಗ್ಗಿಸುವುದರಿಂದ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಬಾಯಿ ಒಣಗಿ ತಲೆನೋವು ಬರುತ್ತದೆ; ಮಲಗಿದ ಕೂಡಲೇ ನಿದ್ರೆ ಹತ್ತಿದರೂ ನಡುರಾತ್ರಿಯ ಮೇಲೆ ಎಚ್ಚರವಾಗುತ್ತದೆ. ಮರುದಿನ ಅವಳು ಸಿಡಿಮಿಡಿ ಎನ್ನುತ್ತಾಳೆಂದು ನೀವು ಹೇಳಿದ್ದಕ್ಕೆ ಮುಟ್ಟಿನ ಜೊತೆ ಇದೂ ಕಾರಣವಿರಬಹುದು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ನೀವು ಹಾದುಹೋಗುವಾಗ ಹೇಳಿದ ಮಾತು: ಬ್ರಾಂದಿಯ ಜೊತೆಗೆ ಅವಳು ಮೆಫ್ಟಾಲ್ ಸ್ಪಾಸ್ ಕೂಡ ನುಂಗುತ್ತಾಳೆ, ಅದೂ ಖಾಲಿ ಹೊಟ್ಟೆಯಲ್ಲಿ. ಆ ಮಾತ್ರೆಯಲ್ಲಿರುವ ಮೆಫೆನಾಮಿಕ್ ಆ್ಯಸಿಡ್ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ, ಆದ್ದರಿಂದ ನೋವಿಗೆ ಅದು ಸರಿಯಾದ ಔಷಧವೇ. ಆದರೆ ಜಠರದ ಒಳಪೊರೆಯನ್ನು ಕಾಯುವುದೂ ಅದೇ ಪ್ರೋಸ್ಟಾಗ್ಲಾಂಡಿನ್. ಮಾತ್ರೆ ಆ ರಕ್ಷಣೆಯನ್ನು ಕಡಿಮೆ ಮಾಡಿದ ಹೊತ್ತಿನಲ್ಲಿ ಮದ್ಯವೂ ಬಿದ್ದರೆ ಹುಣ್ಣು ಮತ್ತು ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅದರಲ್ಲಿರುವ ಇನ್ನೊಂದು ಔಷಧ ಡೈಸೈಕ್ಲೊಮಿನ್ ಮಂಪರು ತರುವಂಥದ್ದು, ಮದ್ಯ ಸೇರಿದರೆ ತಲೆಸುತ್ತು ಇನ್ನೂ ಜಾಸ್ತಿ. 30 ಎಂಎಲ್ ಬ್ರಾಂದಿಯಲ್ಲಿಯೇ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಅವಳು ಅಳತೆ ಮಾಡದೆ ಲೋಟಕ್ಕೆ ಸುರಿಯುತ್ತಾಳೆ. ಮಾತ್ರೆ ಇರಲಿ, ಬ್ರಾಂದಿ ಬೇಡ. ಎರಡು ಇಡ್ಲಿಯನ್ನಾದರೂ ತಿಂದ ಮೇಲೆ, ನೋವು ವಿಪರೀತವಾಗುವವರೆಗೆ ಕಾಯದೆ ಶುರುವಾದಾಗಲೇ ನುಂಗಲಿ, ಹೊಟ್ಟೆಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳಲಿ.

ಪಕ್ಕದ ಮನೆಯವರು ಹೆದರಿಸಿದಂತೆ ಮುಟ್ಟಿನಲ್ಲಿ ಒಮ್ಮೆ ಮದ್ಯ ಕುಡಿದ ಮಾತ್ರಕ್ಕೆ ಗರ್ಭಕೋಶ ಹಾಳಾಗುವುದಿಲ್ಲ, ಮುಂದೆ ಮಕ್ಕಳಾಗುವುದಿಲ್ಲವೆಂಬುದೂ ಸುಳ್ಳು. ಹಾಗೆಂದು ಮುಟ್ಟಿಲ್ಲದ ದಿನಗಳಲ್ಲಿ ಮದ್ಯ ನಿರಪಾಯಕಾರಿ ಎಂದು ಅವಳು ಅರ್ಥ ಮಾಡಿಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಸ್ತನ ಕ್ಯಾನ್ಸರ್ ಕೂಡ ಅದರಿಂದ ಬರುವ ಕ್ಯಾನ್ಸರ್‌ಗಳಲ್ಲಿ ಒಂದು.

ಚಿಕ್ಕಮ್ಮ, ಮದ್ಯ ಬೇಕೆನಿಸುವಷ್ಟು ನೋವು ತಿಂಗಳು ತಿಂಗಳೂ ಬರುತ್ತಿದ್ದರೆ ಅದನ್ನು ಹೆಣ್ಣಿನ ಹಣೆಬರಹವೆಂದು ಬಿಡಬೇಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಅಥವಾ ಗರ್ಭಕೋಶದ ಗೆಡ್ಡೆ ಇದ್ದರೂ ಹೀಗೆ ಆಗುತ್ತದೆ. ಮಡಿಕೇರಿಗೋ ಮೈಸೂರಿಗೋ ಕರೆದೊಯ್ದು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮುಟ್ಟು ಎಷ್ಟು ದಿನ ಇರುತ್ತದೆ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವವಿದೆಯೇ, ಮಾತ್ರೆ ಎಷ್ಟು ತೆಗೆದುಕೊಂಡಳು ಎಂಬುದನ್ನೆಲ್ಲ ಅವಳು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಬ್ರಾಂದಿಯ ವಿಷಯವನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಲಿ, ಆಗ ನೀವು ಕೋಣೆಯ ಹೊರಗೆ ಕುಳಿತಿದ್ದರೆ ಅವಳಿಗೆ ಸುಲಭವಾದೀತು.

ಸ್ಕ್ಯಾನಿಂಗ್ ವರದಿ ಬಂದ ಕೂಡಲೇ ಅದರ ಫೋಟೋ ನನಗೆ ಕಳುಹಿಸಿ. ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳ ಸಮಾನಳಾದ,
ವಾಣಿ