74ರಿಂದ ಅಲ್ಲ, ಒಂದರಿಂದ

ಗೆಳೆಯಾ,

ಮೊದಲು ಬೆಥೋವನ್‌ನ ನಾಲ್ಕನೇ ಪಿಯಾನೋ ಕನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ), ಅದೇ ವಾರ ಶೂಬರ್ಟ್‌ನ ಪಿಯಾನೋ ಸೊನಾಟಾ ಡಿ 960 ಇಟ್ಟುಕೊಂಡು ಸೋಲೊ ರಿಸೈಟಲ್. ನಿನ್ನ ಪಟ್ಟಿ ನೋಡಿ ಖುಷಿಯಾಯಿತು, ದಿಗಿಲೂ ಆಯಿತು. ಎರಡೂ ಮೆಲ್ಲಗೆ ಶುರುವಾಗುತ್ತವೆ, ಎರಡರಲ್ಲೂ ಅವಿತುಕೊಳ್ಳಲು ಜಾಗವಿಲ್ಲ.

ಕನ್ಚೆರ್ಟೊದ ಮೊದಲ ಐದು ಬಾರ್ (ತಾಳದ ಆವರ್ತದಂಥ ಅಳತೆ) ನೀನೊಬ್ಬನೇ. ಮೊದಲ ಜಿ ಮೇಜರ್ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಲ್ಲಿ, ತೂಕ ಮೇಲಿನ ಬಿ ಸ್ವರದ ಕಡೆ ವಾಲಲಿ. ಕಾರ್ಡ್ ಮರುಕಳಿಸುವಾಗ ಕೀ ಪೂರ್ತಿ ಮೇಲೇಳಲು ಬಿಡಬೇಡ. ಅದರ ಆಳವೇ ಸುಮಾರು 10 ಮಿಲಿಮೀಟರ್, ಗ್ರ್ಯಾಂಡ್ ಪಿಯಾನೋದಲ್ಲಿ ಅರ್ಧ ಎದ್ದರೂ ಹ್ಯಾಮರ್ ಮತ್ತೆ ಹೊಡೆಯುತ್ತದೆ. ಹೆದರಿ ತೀರಾ ನಿಧಾನ ಒತ್ತಿದೆಯೋ, ಹ್ಯಾಮರ್ ತಂತಿ ಮುಟ್ಟದೆ ನಡುವಿನ ಒಂದು ಸ್ವರ ನುಂಗಿಹೋಗುತ್ತದೆ. ಆ ಹಾಲಿನ ಪಿಯಾನೋ ಮೇಲೆ ಬೆಳಗ್ಗೆಯೇ ಇಪ್ಪತ್ತು ಸಲ ನುಡಿಸಿ ನೋಡು. ವೇಗದ ಬಗ್ಗೆ ಕಂಡಕ್ಟರ್ ಹತ್ತಿರ ಮೊದಲೇ ಮಾತಾಡು. ನೀನು ಎಳೆದರೆ, ಬಿ ಮೇಜರ್‌ನಲ್ಲಿ ಪಿಸುಗುಡುತ್ತಾ ಬರುವ ಆರ್ಕೆಸ್ಟ್ರಾದ ಸ್ಟ್ರಿಂಗ್ಸ್ (ಪಿಟೀಲು ಬಳಗ) ಬೇರೆಯೇ ವೇಗ ಹಿಡಿಯಬೇಕಾಗುತ್ತದೆ.

ಆಮೇಲೆ ಆರ್ಕೆಸ್ಟ್ರಾದ್ದೇ ಸರದಿ; ನೀನು ಮತ್ತೆ ಸೇರುವ 74ನೇ ಬಾರ್‌ವರೆಗೆ, ಸುಮಾರು ಎರಡೂವರೆ ನಿಮಿಷ, ಕಾಯಬೇಕು. ಬೆರಳು ತಣ್ಣಗಾಗುವುದು ಆಗಲೇ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಬೆಥೋವನ್ ತಾನೇ ಇದನ್ನು ನುಡಿಸಿದ ರಾತ್ರಿ ಥಿಯೇಟರ್ ಕೊರೆಯುತ್ತಿತ್ತು, ಕಛೇರಿ ನಾಲ್ಕು ಗಂಟೆ ನಡೆಯಿತು. ಹೇಗೆ ಕಾದನೋ!

ಒಂದು ಮಾತು ಹೇಳಿಬಿಡುತ್ತೇನೆ. ಎರಡನೇ ಪಿಯಾನೋದಲ್ಲಿ ನಿನಗೆ ಆರ್ಕೆಸ್ಟ್ರಾ ಭಾಗ ನುಡಿಸುವಾಗಲೆಲ್ಲ "74ರಿಂದ ಹಿಡಿ" ಅನ್ನುತ್ತಿದ್ದವನು ನಾನು. ಸಮಯ ಉಳಿಯಲಿ ಅಂತಲ್ಲ ಎಂದು ಈ ವಾರ ಹೊಳೆಯಿತು. ನೀನು ಕೈ ಎತ್ತಿದ ಮೇಲೆ ಆ ಬಿ ಮೇಜರ್ ಉತ್ತರವನ್ನು ನಾನು ಕೊಡಬೇಕಿತ್ತು. ನಿನ್ನ ಐದು ಬಾರ್ ಅಷ್ಟು ಚೆನ್ನಾಗಿರುತ್ತಿದ್ದವು, ನನಗೆ ಅಂಜಿಕೆ. ನನ್ನ ಅಂಜಿಕೆಯಿಂದ ನೀನು ಕಾಯುವುದನ್ನೇ ಅಭ್ಯಾಸ ಮಾಡಿಲ್ಲ. ತಪ್ಪಿಸಿಕೊಳ್ಳಬಾರದು ಅಂತಲೇ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಶೂಬರ್ಟ್ ಬಗ್ಗೆ ಎರಡೇ ಮಾತು. ಎಂಟನೇ ಬಾರ್‌ನ ಜಿ ಫ್ಲಾಟ್ ಟ್ರಿಲ್ (ಪಕ್ಕದ ಎರಡು ಸ್ವರಗಳ ಬಿರುಸಿನ ಕಂಪನ) ಮನೆಯ ಪಿಯಾನೋದಲ್ಲಿ ಎಷ್ಟು ಬೇಕೋ ಅದಕ್ಕಿಂತ ಕಡಿಮೆ ಸಾಕು, ದೊಡ್ಡ ಗ್ರ್ಯಾಂಡಿನ ಮಂದ್ರ ತಾನೇ ಗುಡುಗುತ್ತದೆ. ಮೊದಲ ಭಾಗದ ರಿಪೀಟ್ ಬಿಡಬೇಡ. ಬಿಟ್ಟರೆ, ಬೇರೆಲ್ಲೂ ಬಾರದ ಒಂಬತ್ತು ಬಾರ್ ಹೋಗುತ್ತವೆ.

ಶನಿವಾರ ಬಾ. ಒಂದನೇ ಬಾರ್‌ನಿಂದ ಹಿಡಿಯೋಣ, ನನ್ನ 68 ಬಾರ್ ಪೂರ್ತಿ ನುಡಿಸುತ್ತೇನೆ, ನೀನು ಸುಮ್ಮನೆ ಕೂತಿರು. ಬರುವಾಗ ಫ್ಲಾಸ್ಕ್ ಮರೆಯಬೇಡ. ಕೆಳಗಿನ ಮನೆಯ ನಾಯಿಗೂ ಹೇಳಿಟ್ಟಿದ್ದೇನೆ.